ಕೊಟ್ಟ ಪ್ರಾಣವೋ, ಕಸಿದ ಪ್ರಾಣವೋ?

ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. ಎರಡನೆಯ ತಾರೀಖಿನಂದು ನಮ್ಮ ಧರ್ಮಕೇಂದ್ರಗಳ ಕುಟುಂಬಗಳೆಲ್ಲ ಸಮಾಧಿಭೂಮಿಗೆ ಬರುತ್ತವೆ. ಸಮಾಧಿಗಳ ಮೇಲೆ ಬೆಳೆದ ಹುಲ್ಲನ್ನು ಕಿತ್ತು, ಶಿಲುಬೆಗೆ ಸುಣ್ಣ ಬಳಿದು, ಸೇವಂತಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತವೆ. ಗುರುಗಳು ಸಾಲು ಸಾಲಾಗಿ ನಡೆದು ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾರೆ. ಹೀಗೆ ನಡೆಯುವಾಗ ವಯಸ್ಸಾದವರ ಸಮಾಧಿಗಳ ಮುಂದೆ ಮನಸ್ಸು ಅಷ್ಟಾಗಿ ಕದಡುವುದಿಲ್ಲ. ಹುಟ್ಟಿದ ವರ್ಷಕ್ಕೂ ಸತ್ತ ವರ್ಷಕ್ಕೂ ನಡುವೆ ಇಪ್ಪತ್ತೇ ವರ್ಷಗಳ ಅಂತರವಿರುವ ಕಲ್ಲಿನ ಮುಂದೆ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ.

ಹಲವು ವರ್ಷಗಳ ಹಿಂದೆ, ನಾನಿನ್ನೂ ಕಿರಿಯ ಗುರುವಾಗಿದ್ದಾಗ, ಅಂಥದೊಂದು ಕಲ್ಲಿನ ಪಕ್ಕದಲ್ಲಿ ಒಬ್ಬ ತಾಯಿ ನಿಂತಿದ್ದಳು. ಅವಳ ಮಗ ಸೈನಿಕನಾಗಿದ್ದ. ಮನೆಯಿಂದ ಬಹಳ ದೂರದಲ್ಲಿ, ಕರ್ತವ್ಯದ ಮೇಲಿದ್ದಾಗ ಮಡಿದಿದ್ದ. ಆ ಬೆಳಗಿನ ಪ್ರಬೋಧನೆಯಲ್ಲಿ ನಾನು ಸಂತ ಯೊವಾನ್ನರ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ಆಧರಿಸಿ, ಗೆಳೆಯರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲವೆಂದು ಪ್ರಭು ಕಲಿಸಿದ್ದನ್ನು ಅವನಿಗೆ ಅನ್ವಯಿಸಿ ಬಹಳ ಚೆನ್ನಾಗಿ ಮಾತನಾಡಿದ್ದೆ. ಕನಿಷ್ಠಪಕ್ಷ ಚೆನ್ನಾಗಿ ಮಾತನಾಡಿದೆನೆಂದು ಭಾವಿಸಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಆ ತಾಯಿ ನನ್ನ ಬಳಿ ಬಂದು ಕೇಳಿದಳು: "ಸ್ವಾಮಿ, ನನ್ನ ಮಗ ಪ್ರಾಣ ಕೊಟ್ಟ ಅಂತ ನೀವು ಹೇಳಿದಿರಿ. ಅವನು ಕೊಟ್ಟನೋ, ಇಲ್ಲಾ ಅವನಿಂದ ಕಿತ್ತುಕೊಂಡರೋ?"

ಅವಳ ಸ್ವರದಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಂಬಲವಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. "ದೇವರು ನೋಡಿಕೊಳ್ಳುತ್ತಾರೆ, ಅಮ್ಮ" ಎಂದು ಏನೋ ಹೇಳಿ ಮುಂದಿನ ಸಮಾಧಿಗೆ ಹೋದೆ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದವನು ಒಬ್ಬ ತಾಯಿಯ ಒಂದು ವಾಕ್ಯದ ಮುಂದೆ ಹೀಗೆ ಜಾರಿಕೊಂಡದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆ ಪ್ರಶ್ನೆಯನ್ನು ಈ ಲೇಖನದಲ್ಲಿ ಮತ್ತೆ ಎತ್ತಿಕೊಳ್ಳುತ್ತಿದ್ದೇನೆ. ನಮ್ಮವರನ್ನು ಕುರಿತು ಇಂಥ ಪ್ರಶ್ನೆಯನ್ನು ಬಿಡಿಸುವಾಗ ಕಣ್ಣೀರು ದೃಷ್ಟಿಯನ್ನು ಮಸುಕುಗೊಳಿಸುತ್ತದೆ. ಆದುದರಿಂದ ದೂರದ ಒಬ್ಬ ಯುವಕನ ಸಾವನ್ನು ಮುಂದಿಟ್ಟುಕೊಂಡು ಯೋಚಿಸೋಣ. ಅವನ ಹೆಸರು ಮಿಲ್ಟನ್ ಲೀ ಆಲಿವ್. ದೂರದವನೆಂದೆ, ಆದರೂ ಅವನ ಹೆಸರು ಕೆತ್ತಿರುವ ಕಲ್ಲು ನಮ್ಮ ನೆಲದ್ದು.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕವಿದೆ. 1982ರ ನವೆಂಬರ್ 13ರಂದು ಅದು ಲೋಕಾರ್ಪಣೆಗೊಂಡಿತು. ಅದರ ವಿನ್ಯಾಸವನ್ನು ರೂಪಿಸಿದ ಮಾಯಾ ಲಿನ್ ಸ್ಪರ್ಧೆಯಲ್ಲಿ ಆಯ್ಕೆಯಾದಾಗ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ. ಅಲ್ಲಿ ಕುದುರೆಯೇರಿದ ಸೇನಾಪತಿಯಿಲ್ಲ, ವಿಜಯದ ಕಮಾನಿಲ್ಲ. ನೆಲದೊಳಕ್ಕೆ ಇಳಿಯುವ ಎರಡು ಕಪ್ಪು ಗೋಡೆಗಳಿವೆ. ಅವುಗಳ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಪದವಿ, ದರ್ಜೆ ಯಾವುದೂ ಇಲ್ಲದೆ, ಸತ್ತ ದಿನದ ಅನುಕ್ರಮದಲ್ಲಿ ಬರಿಯ ಹೆಸರುಗಳು. ಆ ಗೋಡೆಗೆ ಬೇಕಾದ ಕಪ್ಪು ಗ್ರಾನೈಟನ್ನು ಬೆಂಗಳೂರು ಪ್ರದೇಶದ ಕಲ್ಲುಗಣಿಯಿಂದ ಒಯ್ಯಲಾಯಿತು. ಕನ್ನಡಿಯಂತೆ ಹೊಳೆಯುವಷ್ಟು ನಯಗೊಳಿಸಿದ ಆ ಕಲ್ಲಿನಲ್ಲಿ ಹೆಸರನ್ನು ಓದಲು ಬಂದವರಿಗೆ ಹೆಸರುಗಳ ನಡುವೆ ತಮ್ಮ ಮುಖವೇ ಕಾಣುತ್ತದೆ. 1965ರ ಅಕ್ಟೋಬರ್ ತಿಂಗಳಲ್ಲಿ ಸತ್ತವರ ಸಾಲುಗಳಲ್ಲಿ ಮಿಲ್ಟನ್ ಆಲಿವನ ಹೆಸರಿದೆ.

ಅವನು ಹುಟ್ಟಿದ್ದು 1946ರ ನವೆಂಬರ್ 7ರಂದು, ಶಿಕಾಗೊ ನಗರದಲ್ಲಿ, ಒಂದು ಕಪ್ಪು ಕುಟುಂಬದಲ್ಲಿ. ಅವನು ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ಬಾಲ್ಯದ ಒಂದು ಭಾಗ ಶಿಕಾಗೊದಲ್ಲಿ, ಇನ್ನೊಂದು ಭಾಗ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ, ಅಜ್ಜ ಅಜ್ಜಿಯರ ಆಸರೆಯಲ್ಲಿ ಕಳೆಯಿತು. 1960ರ ದಶಕದ ಆರಂಭದಲ್ಲಿ ಮಿಸಿಸಿಪ್ಪಿಯಲ್ಲಿ ಮತದಾನಕ್ಕೆ ಅರ್ಹರಾದ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. 1964ರ ಬೇಸಿಗೆಯಲ್ಲಿ ಯುವಕ ಯುವತಿಯರು ಅಲ್ಲಿಗೆ ಹೋಗಿ ಮತದಾರರನ್ನು ನೋಂದಾಯಿಸುವ ಚಳವಳಿ ನಡೆಸಿದರು. ಆ ಜೂನ್ ತಿಂಗಳಲ್ಲೇ ಚಳವಳಿಯ ಮೂವರು ಕಾರ್ಯಕರ್ತರನ್ನು ಕೊಂದು ಹೂಳಲಾಯಿತು. ಆ ಅಪಾಯದ ಬೇಸಿಗೆಯಲ್ಲಿ ಹದಿನೇಳರ ಹರೆಯದ ಆಲಿವ್ ಕೂಡ ಆ ಕೆಲಸಕ್ಕೆ ಕೈಹಾಕಿದ. ಮೊಮ್ಮಗನ ಜೀವಕ್ಕೆ ಮನೆಯವರು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ಅವನು ಸೈನ್ಯಕ್ಕೆ ಸೇರಿದ.

ವಿಮಾನದಿಂದ ಪ್ಯಾರಾಚೂಟಿನ ನೆರವಿನಿಂದ ಜಿಗಿಯುವ ಯೋಧನಾಗಿ ತರಬೇತಿ ಪಡೆದು ಅವನು ನೂರ ಎಪ್ಪತ್ತಮೂರನೆಯ ವಾಯುದಳ ಬ್ರಿಗೇಡನ್ನು ಸೇರಿದ. 1965ರ ಮೇ ತಿಂಗಳಲ್ಲಿ ವಿಯೆಟ್ನಾಮಿಗೆ ಬಂದಿಳಿದ ಆ ಬ್ರಿಗೇಡ್, ಅಲ್ಲಿಗೆ ಬಂದ ಅಮೆರಿಕದ ಭೂಸೇನೆಯ ಮೊದಲ ದೊಡ್ಡ ಕಾದಾಟದ ಪಡೆ. ಅಕ್ಟೋಬರ್ 22ರಂದು ಫೂ ಕುವಾಂಗ್ ಎಂಬಲ್ಲಿ ಅವನ ತುಕಡಿ ಕಾಡಿನಲ್ಲಿ ಗೆರಿಲ್ಲಾಗಳನ್ನು ಹುಡುಕುತ್ತ ಸಾಗಿತ್ತು. ಭಾರೀ ಗುಂಡಿನ ದಾಳಿಗೆ ಸಿಕ್ಕು ಸ್ವಲ್ಪ ಹೊತ್ತು ನೆಲಕಚ್ಚಿ, ಮತ್ತೆ ಎದ್ದು ಮುನ್ನುಗ್ಗಿತು. ಹಿಮ್ಮೆಟ್ಟುತ್ತಿದ್ದವರನ್ನು ಬೆನ್ನಟ್ಟುವಾಗ ಆಲಿವ್ ಮತ್ತು ಅವನ ನಾಲ್ವರು ಸಂಗಡಿಗರು ಒಟ್ಟಿಗಿದ್ದರು. ಅವರ ನಡುವೆ ಒಂದು ಕೈಬಾಂಬು ಬಂದು ಬಿತ್ತು. ಆಲಿವ್ ಅದನ್ನು ಕಂಡ, ಕೈಯಲ್ಲಿ ಹಿಡಿದ, ಅದರ ಮೇಲೆ ತಾನೇ ಕವುಚಿ ಬಿದ್ದ. ಸ್ಫೋಟವನ್ನೆಲ್ಲ ಅವನ ದೇಹವೇ ನುಂಗಿತು. ನಾಲ್ವರು ಉಳಿದರು. ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಅವನಿಗೆ ಇನ್ನು ಹದಿನಾರು ದಿನಗಳಿದ್ದವು.

ಆ ತಾಯಿಯ ಪ್ರಶ್ನೆಯನ್ನು ಈಗ ಇಲ್ಲಿ ಇಡೋಣ. ಇವನು ಪ್ರಾಣವನ್ನು ಕೊಟ್ಟನೋ, ಇವನಿಂದ ಕಸಿದುಕೊಂಡರೋ?

ಮೊದಲು 'ಕೊಟ್ಟ' ಎಂಬ ಮಾತನ್ನು ಪರೀಕ್ಷಿಸೋಣ. ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವುದು ತಪ್ಪೆಂದು ಧರ್ಮಸಭೆ ಬೋಧಿಸುತ್ತದೆ. ಹಾಗಾದರೆ ಸಾಯುವುದು ಖಚಿತವೆಂದು ತಿಳಿದೂ ಬಾಂಬಿನ ಮೇಲೆ ಬೀಳುವುದು ಹೇಗೆ ಪುಣ್ಯಕಾರ್ಯವಾದೀತು? ನೀತಿಶಾಸ್ತ್ರದ ತರಗತಿಗಳಲ್ಲಿ ಇದು ಹಳೆಯ ಪ್ರಶ್ನೆ. ಉತ್ತರ ಇದು: ಒಂದೇ ಕ್ರಿಯೆಯಿಂದ ಎರಡು ಫಲಗಳು ಹುಟ್ಟಬಹುದು. ಒಂದನ್ನು ನಾವು ಬಯಸಿ ಮಾಡುತ್ತೇವೆ. ಇನ್ನೊಂದು ತಪ್ಪಿಸಲಾಗದೆ ಅದರ ಜೊತೆಯಲ್ಲಿ ಬರುತ್ತದೆ. ಆಲಿವ್ ಬಯಸಿದ್ದು ಸಂಗಡಿಗರಿಗೆ ಮರೆಯಾಗುವುದನ್ನು. ಸಾವು ಅವನ ಗುರಿಯಾಗಿರಲಿಲ್ಲ, ಸಾಧನವೂ ಆಗಿರಲಿಲ್ಲ. ಆ ಬಾಂಬು ಸಿಡಿಯದೆ ಹೋಗಿದ್ದರೆ ಅವನು ಎದ್ದು ಮೈಕೊಡವಿ ನಗುತ್ತಿದ್ದ. ತನ್ನ ಉದ್ದೇಶ ಕೆಟ್ಟಿತೆಂದು ಕೊರಗುತ್ತಿರಲಿಲ್ಲ. ಬದುಕನ್ನು ಬೇಡವೆಂದು ಎಸೆಯುವವನಿಗೂ ಬದುಕನ್ನು ಪ್ರೀತಿಸುತ್ತಲೇ ಇತರರಿಗಾಗಿ ಅದನ್ನು ಮುಂದೆ ಚಾಚುವವನಿಗೂ ಇರುವ ಅಂತರ ಇಷ್ಟು ಸ್ಪಷ್ಟವಾದುದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಹನವಾದುದು. ಅಲ್ಲಿ ಯೋಚಿಸಲು ಸಮಯವೆಲ್ಲಿತ್ತು? ಮೂರು ನಾಲ್ಕು ಕ್ಷಣಗಳಲ್ಲಿ ನಡೆದುಹೋದದ್ದನ್ನು 'ಕೊಟ್ಟ' ಎನ್ನಬಹುದೇ? ಬಿಸಿ ಪಾತ್ರೆ ತಾಗಿದಾಗ ಕೈ ತಾನಾಗಿ ಹಿಂದಕ್ಕೆ ಬರುವಂತೆ ಇದೂ ದೇಹದ ಒಂದು ಚಲನೆಯಷ್ಟೇ ಅಲ್ಲವೇ? ಆದರೆ ಒಂದನ್ನು ಗಮನಿಸಿ. ಅಪಾಯ ಕಂಡಾಗ ದೇಹ ತಾನಾಗಿ ಮಾಡುವುದು ದೂರ ಸರಿಯುವುದನ್ನು. ಬೆಂಕಿಯಿಂದ ಹಿಂದೆಗೆಯುವುದು ದೇಹದ ಸ್ವಭಾವ, ಬೆಂಕಿಯ ಮೇಲೆ ಬೀಳುವುದಲ್ಲ. ಸಂತ ಥಾಮಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣವನ್ನು ವಿವರಿಸುವಾಗ ಹಠಾತ್ತನೆ ಎರಗುವ ಅಪಾಯಗಳ ವಿಷಯವನ್ನೇ ಬೇರೆಯಾಗಿ ಎತ್ತಿಕೊಳ್ಳುತ್ತಾರೆ. ಧೈರ್ಯಶಾಲಿಯು ಸಮಯ ಸಿಕ್ಕಾಗ ಮುಂದಾಲೋಚಿಸಿ ಮನಸ್ಸನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಆದರೆ ಸಮಯ ಸಿಗದೆ ಇದ್ದಾಗಲೇ ಅವನಲ್ಲಿ ಆ ಗುಣ ಎಷ್ಟು ಆಳವಾಗಿ ಬೇರೂರಿದೆಯೆಂಬುದು ಹೊರಬೀಳುತ್ತದೆ ಎಂಬುದು ಅವರ ವಿವರಣೆಯ ಸಾರ. ಅಂದರೆ, ಆ ಕ್ಷಣದಲ್ಲಿ ಅವನು ತೀರ್ಮಾನಿಸಲಿಲ್ಲ ಎನ್ನುವುದು ತಪ್ಪು. ಅವನು ಬಹಳ ಹಿಂದಿನಿಂದ, ಚಿಕ್ಕ ಚಿಕ್ಕ ಸಂಗತಿಗಳಲ್ಲಿ, ತೀರ್ಮಾನಿಸುತ್ತಲೇ ಬಂದಿದ್ದ. ತನ್ನ ಜೀವಕ್ಕೆ ಅಪಾಯವಿದ್ದರೂ ಪರರ ಹಕ್ಕಿಗಾಗಿ ಮಿಸಿಸಿಪ್ಪಿಯ ಬೀದಿಗಳಲ್ಲಿ ನಡೆದ ಹುಡುಗ ಒಂದು ವರ್ಷದ ನಂತರ ಕಾಡಿನಲ್ಲಿ ಕವುಚಿ ಬಿದ್ದದ್ದು ಹೊಸ ಮನುಷ್ಯನಾಗಿ ಅಲ್ಲ.

ನಮ್ಮ ಮನೆಗಳಿಗೂ ಇದು ಅನ್ವಯಿಸುತ್ತದೆ. ತಟ್ಟೆಯಲ್ಲಿನ ದೊಡ್ಡ ತುಂಡನ್ನು ತಮ್ಮನಿಗೆ ಬಿಡುವ ಮಗು, ಕಾಯಿಲೆಯ ಅತ್ತೆಗಾಗಿ ನಿದ್ದೆಗೆಡುವ ಸೊಸೆ, ಸಹೋದ್ಯೋಗಿಯ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವ ಗುಮಾಸ್ತ, ಇವರೆಲ್ಲರೂ ತಮಗರಿವಿಲ್ಲದೆ ಒಂದು ಅಭ್ಯಾಸವನ್ನು ಬೆಳೆಸಿಕೊಳ್ಳುತ್ತಿರುತ್ತಾರೆ. ದೊಡ್ಡ ಕ್ಷಣ ಅವರ ಬಾಳಿನಲ್ಲಿ ಬಾರದೆಯೇ ಹೋಗಬಹುದು. ಬಂದರೆ, ಅದಕ್ಕೆ ಬೇಕಾದದ್ದು ಆಗಲೇ ಸಿದ್ಧವಾಗಿರುತ್ತದೆ.

ಸಮಯವಿದ್ದು ಕೊಟ್ಟವರೂ ಇದ್ದಾರೆ. 1941ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಹತ್ತು ಕೈದಿಗಳನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದಾಗ, ಆ ಹತ್ತರಲ್ಲಿ ಒಬ್ಬ ಸಂಸಾರಸ್ಥನ ಬದಲಿಗೆ ತಾನು ಹೋಗುವೆನೆಂದು ಮುಂದೆ ಬಂದವರು ಗುರು ಮ್ಯಾಕ್ಸಿಮಿಲಿಯನ್ ಕೋಲ್ಬೆ. ಅವರು ಆಗಸ್ಟ್ 14ರಂದು ಮಡಿದರು. 1982ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲರು ಅವರನ್ನು ರಕ್ತಸಾಕ್ಷಿಯೆಂದು ಸಂತರ ಸಾಲಿಗೆ ಸೇರಿಸಿದಾಗ, ಉಳಿದುಕೊಂಡ ಆ ಮನುಷ್ಯನೇ ಅಲ್ಲಿ ಹಾಜರಿದ್ದ. 2017ರ ಜುಲೈ 11ರಂದು ಪೋಪ್ ಫ್ರಾನ್ಸಿಸರು, ಪ್ರೀತಿಯ ನಿಮಿತ್ತ ಸ್ವಇಚ್ಛೆಯಿಂದ ಪ್ರಾಣವನ್ನು ಅರ್ಪಿಸಿದವರಿಗಾಗಿ ಪುನೀತ ಪದವಿಗೆ ಒಂದು ಪ್ರತ್ಯೇಕ ದಾರಿಯನ್ನೇ ತೆರೆದರು. ಆಲಿವನನ್ನು ಸಂತನೆಂದು ಕರೆಯಲು ನಾನು ಹೊರಟಿಲ್ಲ. ಅದು ನನ್ನ ಅಧಿಕಾರವೂ ಅಲ್ಲ. ಆದರೆ ಇಂಥ ಕೊಡುಗೆ ಸಾಧ್ಯವೆಂದೂ, ಅದು ಬರಿಯ ಆವೇಶವಲ್ಲವೆಂದೂ ಧರ್ಮಸಭೆ ಒಪ್ಪುತ್ತದೆ. ಆದುದರಿಂದ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ: ಹೌದು, ಅವನು ಕೊಟ್ಟ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸುಂದರವಾಗಿ ಮುಗಿಯುತ್ತದೆ. ನಾನು ಅಂದು ಸಮಾಧಿಭೂಮಿಯಲ್ಲಿ ಮಾಡಿದ ತಪ್ಪೂ ಅದೇ: ಅರ್ಧಕ್ಕೇ ನಿಲ್ಲಿಸಿದೆ. ಪ್ರಶ್ನೆಯ ಎರಡನೆಯ ಅರ್ಧ ಹಾಗೆಯೇ ಉಳಿದಿದೆ.

ಹದಿನೆಂಟು ವರ್ಷದ ಹುಡುಗ ತನ್ನ ಮನೆಯಿಂದ ಸಾವಿರಾರು ಮೈಲಿ ದೂರದ ಆ ಕಾಡಿಗೆ ಹೇಗೆ ಬಂದ? ಅವನನ್ನು ಅಲ್ಲಿಗೆ ತಂದ ದಾರಿಯನ್ನು ಅವನು ಕಡಿಯಲಿಲ್ಲ. ಆ ಯುದ್ಧವನ್ನು ನಿಶ್ಚಯಿಸಿದವರು ಬೇರೆ. ಅವನು ತಾನಾಗಿಯೇ ಸೈನ್ಯಕ್ಕೆ ಸೇರಿದ್ದು ನಿಜ. ಆದರೆ ಶಾಲೆ ಬಿಟ್ಟ, ಕಪ್ಪು ಮೈಬಣ್ಣದ, ಹದಿನೇಳು ವರ್ಷದ ಹುಡುಗನ ಮುಂದೆ ಆ ದೇಶದಲ್ಲಿ ಅಂದು ಎಷ್ಟು ಬಾಗಿಲುಗಳು ತೆರೆದಿದ್ದವು? ಕಪ್ಪು ಜನರ ಮತದಾನದ ಹಕ್ಕನ್ನು ಕಾಪಾಡುವ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಆಗಸ್ಟ್ 6ರಂದು, ಆಲಿವ್ ಸಾಯುವುದಕ್ಕೆ ಎಪ್ಪತ್ತೇಳು ದಿನ ಮೊದಲು. ಅಷ್ಟರಲ್ಲಿ ಅವನು ಆಗಲೇ ವಿಯೆಟ್ನಾಮಿನಲ್ಲಿದ್ದ. ತನ್ನ ಅಜ್ಜಿಯ ಊರಿನಲ್ಲಿ ತನ್ನವರಿಗೆ ಸಿಗದ ಸ್ವಾತಂತ್ರ್ಯವನ್ನು ಪರರ ನಾಡಿನಲ್ಲಿ ಕಾಯಲು ಅವನನ್ನು ಕಳುಹಿಸಲಾಗಿತ್ತು.

ಅದೇ ಶರತ್ಕಾಲದಲ್ಲಿ ಧರ್ಮಸಭೆ ಏನು ಹೇಳುತ್ತಿತ್ತು ಎಂಬುದನ್ನೂ ನೆನೆಯಬೇಕು. 1965ರ ಅಕ್ಟೋಬರ್ 4ರಂದು, ಅಸಿಸ್ಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಪೋಪ್ ಆರನೆಯ ಪಾಲ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಿಂತು, ಇನ್ನೆಂದಿಗೂ ಯುದ್ಧ ಬೇಡವೆಂದು ರಾಷ್ಟ್ರಗಳ ಪ್ರತಿನಿಧಿಗಳನ್ನು ಬೇಡಿಕೊಂಡರು. ಹದಿನೆಂಟು ದಿನಗಳ ನಂತರ ಆಲಿವ್ ಸತ್ತ. ಅದಾದ ನಲವತ್ತಾರನೆಯ ದಿನ, ಡಿಸೆಂಬರ್ 7ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿತು. ಆ ಬೋಧನೆಯಲ್ಲಿ ಎರಡು ಮಾತುಗಳು ಒಂದರ ಪಕ್ಕದಲ್ಲಿ ಒಂದಿವೆ. ದೇಶಸೇವೆಯಲ್ಲಿರುವ ಸೈನಿಕರು ಜನರ ಸುರಕ್ಷೆಯ, ಸ್ವಾತಂತ್ರ್ಯದ ಸೇವಕರೆಂದು ತಮ್ಮನ್ನು ತಿಳಿಯಬೇಕು. ಆ ಕರ್ತವ್ಯವನ್ನು ಸರಿಯಾಗಿ ನಿರ್ವಹಿಸಿದರೆ ಅವರು ನಿಜವಾಗಿ ಶಾಂತಿಗೆ ನೆರವಾಗುತ್ತಾರೆ. ಮನಸ್ಸಾಕ್ಷಿಯ ಕಾರಣಕ್ಕೆ ಆಯುಧ ಹಿಡಿಯಲು ಒಪ್ಪದೆ ಬೇರೆ ರೀತಿಯಲ್ಲಿ ಸಮಾಜಸೇವೆಗೆ ಸಿದ್ಧರಿರುವವರನ್ನೂ ಕಾನೂನು ಮಾನವೀಯವಾಗಿ ಕಾಣಬೇಕು. ಇಡೀ ನಗರಗಳನ್ನು ಜನಸಮೇತ ನಾಶಮಾಡುವ ಯುದ್ಧಕಾರ್ಯವು ದೇವರಿಗೂ ಮನುಷ್ಯನಿಗೂ ಎದುರಾದ ಅಪರಾಧವೆಂದು ಅದೇ ದಾಖಲೆ ಖಂಡಿಸಿತು. ಸೈನಿಕನನ್ನು ಗೌರವಿಸಿದ ಧರ್ಮಸಭೆ ಯುದ್ಧವನ್ನು ಆಶೀರ್ವದಿಸಲಿಲ್ಲ.

ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಕೆಲವರು ಯುದ್ಧವನ್ನು ದ್ವೇಷಿಸುವ ಭರದಲ್ಲಿ ಸೈನಿಕನನ್ನೂ ತಿರಸ್ಕರಿಸುತ್ತಾರೆ. ವಿಯೆಟ್ನಾಮಿನಿಂದ ಮರಳಿದ ಅನೇಕ ಯುವಕರು ತಮ್ಮ ಊರಿನಲ್ಲೇ ಆ ನೋವನ್ನು ಅನುಭವಿಸಿದರು. ಇನ್ನು ಕೆಲವರು ಸೈನಿಕನನ್ನು ಕೊಂಡಾಡುವ ಭರದಲ್ಲಿ ಯುದ್ಧವನ್ನೇ ಪವಿತ್ರಗೊಳಿಸುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. ಸತ್ತವನು ಗೆಳೆಯರಿಗಾಗಿ ಕೊಟ್ಟದ್ದನ್ನು, ಅವನನ್ನು ಅಲ್ಲಿಗೆ ಕಳುಹಿಸಿದವರು ತಮ್ಮ ನಿರ್ಧಾರದ ಖಾತೆಗೆ ಜಮಾ ಮಾಡಿಕೊಳ್ಳುತ್ತಾರೆ. 'ಇಷ್ಟು ಮಂದಿ ಪ್ರಾಣ ಕೊಟ್ಟಿದ್ದಾರೆ, ಅವರ ತ್ಯಾಗ ವ್ಯರ್ಥವಾಗಬಾರದು, ಆದುದರಿಂದ ಇನ್ನಷ್ಟು ಮಂದಿ ಹೋಗಲಿ' ಎಂಬ ತರ್ಕ ಎಲ್ಲ ದೇಶಗಳ ಇತಿಹಾಸದಲ್ಲೂ ಕೇಳಿಬರುತ್ತದೆ. ಕೊಟ್ಟ ಪ್ರಾಣದ ಹೆಸರಿನಲ್ಲಿ ಹೊಸ ಪ್ರಾಣಗಳನ್ನು ಕಸಿದುಕೊಳ್ಳುವ ತರ್ಕವದು. ಆಲಿವ್ ಕವುಚಿ ಬಿದ್ದದ್ದು ಒಂದು ನೀತಿಗಾಗಿ ಅಲ್ಲ, ಒಂದು ಬಾವುಟಕ್ಕಾಗಿಯೂ ಅಲ್ಲ. ಪಕ್ಕದಲ್ಲಿ ಉಸಿರಾಡುತ್ತಿದ್ದ ನಾಲ್ಕು ಮನುಷ್ಯರಿಗಾಗಿ.

ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ, ತನ್ನ ಪ್ರಾಣವನ್ನು ಯಾರೂ ತನ್ನಿಂದ ಕಸಿದುಕೊಳ್ಳುವುದಿಲ್ಲ, ತಾನಾಗಿಯೇ ಅದನ್ನು ಕೊಡುತ್ತೇನೆಂದು ಯೇಸುಸ್ವಾಮಿ ಹೇಳುತ್ತಾರೆ. ಆದರೂ ಅವರನ್ನು ಹಿಡಿದವರಿದ್ದರು, ತೀರ್ಪು ಕೊಟ್ಟವರಿದ್ದರು, ಮೊಳೆ ಹೊಡೆದವರಿದ್ದರು. ಪ್ರಭು ಕೊಟ್ಟರೆಂಬ ಕಾರಣಕ್ಕೆ ಪಿಲಾತನ ಕೈ ಶುದ್ಧವಾಗಲಿಲ್ಲ. ಪಿಲಾತನು ಅನ್ಯಾಯ ಮಾಡಿದನೆಂಬ ಕಾರಣಕ್ಕೆ ಪ್ರಭುವಿನ ಕೊಡುಗೆ ಕಿರಿದಾಗಲೂ ಇಲ್ಲ. ಶಿಲುಬೆಯ ಮುಂದೆ ನಿಂತವರಿಗೆ ಈ ಎರಡನ್ನೂ ಬೇರ್ಪಡಿಸದೆ, ಬೆರೆಸಿಯೂ ಬಿಡದೆ ನೋಡುವ ಅಭ್ಯಾಸವಿರಬೇಕು.

ಇದನ್ನು ನನಗಿಂತ ಚೆನ್ನಾಗಿ ತಿಳಿದಿದ್ದವನು ಆಲಿವನ ತಂದೆ. 1966ರ ಏಪ್ರಿಲ್ 21ರಂದು ಶ್ವೇತಭವನದಲ್ಲಿ ಅಧ್ಯಕ್ಷ ಜಾನ್ಸನ್ ಆ ದೇಶದ ಅತ್ಯುನ್ನತ ಶೌರ್ಯ ಪುರಸ್ಕಾರವಾದ ಮೆಡಲ್ ಆಫ್ ಆನರನ್ನು ತಂದೆಯ ಕೈಗಿತ್ತರು. ವಿಯೆಟ್ನಾಂ ಯುದ್ಧದಲ್ಲಿ ಆ ಗೌರವ ಪಡೆದ ಮೊದಲ ಕಪ್ಪು ಅಮೆರಿಕನ್ ಯೋಧ ಆಲಿವ್. ಉಳಿದುಕೊಂಡ ನಾಲ್ವರಲ್ಲಿ ಇಬ್ಬರು ಅಲ್ಲಿಗೆ ಬಂದಿದ್ದರು. ಅದಕ್ಕೆ ಮೊದಲೇ ತಂದೆ ಅಧ್ಯಕ್ಷರಿಗೆ ಒಂದು ಪತ್ರ ಬರೆದಿದ್ದ. ಅಧ್ಯಕ್ಷರು ಅದರ ಭಾಗವನ್ನು ಆ ಸಮಾರಂಭದಲ್ಲಿ ಓದಿದರು. ಒಬ್ಬನೇ ಮಗನನ್ನು ಕಳೆದುಕೊಂಡವನು ಸೇಡನ್ನು ಬೇಡಲಿಲ್ಲ, ಗೆಲುವನ್ನೂ ಬೇಡಲಿಲ್ಲ. ಏಷ್ಯದವರು, ಯೂರೋಪಿನವರು, ಆಫ್ರಿಕದವರು, ಅಮೆರಿಕದವರು ಎಲ್ಲರೂ ಒಂದೇ ಲೋಕದಲ್ಲಿ ಬಾಳುವ ದಿನ ಬರಲೆಂದು ಪ್ರಾರ್ಥಿಸಿದ. ತನ್ನ ದೇಶದಲ್ಲಿ ಕಪ್ಪು ಜನರೂ ಯೆಹೂದ್ಯರೂ ಕಥೋಲಿಕರೂ, ಅವರನ್ನೆಲ್ಲ ದ್ವೇಷಿಸಿದ ಕ್ಲಾನ್ ಸಂಘದವರೂ ಸದ್ಭಾವದಿಂದ ಒಟ್ಟಿಗೆ ಕೂರಲೆಂದು ಹಾರೈಸಿದ. ಪ್ರವಾದಿ ಯೆಶಾಯನ ದರ್ಶನವನ್ನು ನೆನಪಿಸುತ್ತ, ಮನುಷ್ಯರೆಲ್ಲ ಯುದ್ಧವನ್ನು ಇನ್ನು ಕಲಿಯದಿರಲು ನಿಶ್ಚಯಿಸಲೆಂದು ಕೇಳಿಕೊಂಡ.

ಯುದ್ಧವನ್ನು ನಡೆಸುತ್ತಿದ್ದ ಅಧ್ಯಕ್ಷನಿಗೆ, ಪದಕವನ್ನು ಪಡೆಯುವ ಸಂದರ್ಭದಲ್ಲಿ, ಒಬ್ಬ ತಂದೆ ಇದನ್ನು ಹೇಳಿದ. ಪದಕವನ್ನು ಅವನು ನಿರಾಕರಿಸಲಿಲ್ಲ, ಏಕೆಂದರೆ ಮಗ ಕೊಟ್ಟದ್ದು ನಿಜ. ಅದರೊಡನೆ ತನ್ನ ಬೇಡಿಕೆಯನ್ನೂ ಇಟ್ಟ. ಮಗನ ಸಾವನ್ನು ಯಾವ ಕಡೆಗೆ ಓದಬೇಕೆಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ ಇತ್ತು. ಅವನು ಅದನ್ನು ಶಾಂತಿಯ ಕಡೆಗೆ ಓದಿದ. ಶಿಕಾಗೊದ ಸರೋವರದ ದಡದಲ್ಲಿ ಇಂದು ಆಲಿವನ ಹೆಸರಿನ ಒಂದು ಉದ್ಯಾನವಿದೆ, ಆ ನಗರದ ಒಂದು ಕಾಲೇಜಿಗೂ ಅವನ ಹೆಸರಿನ ಪಾಲಿದೆ. ಅವನ ದೇಹವನ್ನು ಮಣ್ಣುಮಾಡಿದ್ದು ಮಾತ್ರ ಮಿಸಿಸಿಪ್ಪಿಯ ಲೆಕ್ಸಿಂಗ್ಟನ್ನಿನಲ್ಲಿ.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ಆ ಕೈಬಾಂಬನ್ನು ಎಸೆದವನೂ ಯಾರೋ ಒಬ್ಬ ತಾಯಿಯ ಮಗ. ಅವನು ತನ್ನ ನಾಡಿನಲ್ಲೇ, ತನ್ನ ಕಾಡಿನಲ್ಲೇ, ಪರದೇಶದ ಸೈನಿಕರಿಂದ ತಪ್ಪಿಸಿಕೊಂಡು ಓಡುತ್ತಿದ್ದ. ಅವನೂ ತನ್ನ ಸಂಗಡಿಗರನ್ನು ಉಳಿಸಲೆಂದೇ ಅದನ್ನು ಎಸೆದಿರಬಹುದು. ವಾಷಿಂಗ್ಟನ್ನಿನ ಗೋಡೆಯ ಮೇಲೆ ಅವನ ಕಡೆಯವರ ಹೆಸರಿಲ್ಲ. 1995ರಲ್ಲಿ ವಿಯೆಟ್ನಾಂ ಸರ್ಕಾರ ಪ್ರಕಟಿಸಿದ ಅಂದಾಜಿನಂತೆ ಆ ಯುದ್ಧದಲ್ಲಿ ಸುಮಾರು 11 ಲಕ್ಷ ಹೋರಾಟಗಾರರೂ ಸುಮಾರು 20 ಲಕ್ಷ ಸಾಮಾನ್ಯ ನಾಗರಿಕರೂ ಸತ್ತರು. ಒಂದು ದೇಶ ತನ್ನವರನ್ನು ನೆನೆಯುವುದು ಸಹಜ, ಅದರಲ್ಲಿ ದೋಷವಿಲ್ಲ. ಆದರೆ ಬಲಿಪೂಜೆಯಲ್ಲಿ ಮೃತರನ್ನು ನೆನೆಯುವಾಗ ನಾವು ನಮ್ಮ ಕಡೆಯ ಮೃತರು, ಅವರ ಕಡೆಯ ಮೃತರು ಎಂದು ಪಟ್ಟಿಯನ್ನು ವಿಂಗಡಿಸುವುದಿಲ್ಲ. ದೇವರ ಕರುಣೆಯಲ್ಲಿ ನಿದ್ರಿಸುವ ಎಲ್ಲರನ್ನೂ ಅವರ ಕೈಗೆ ಒಪ್ಪಿಸುತ್ತೇವೆ. ನಮ್ಮ ನೆಲದಿಂದ ಹೋದ ಆ ಕಪ್ಪು ಕಲ್ಲು ತನ್ನ ಮುಂದೆ ನಿಂತ ಯಾರ ಮುಖವನ್ನಾದರೂ ತೋರಿಸುತ್ತದೆ. ಅಮೆರಿಕದವನು ನಿಂತರೆ ಅವನ ಮುಖ, ವಿಯೆಟ್ನಾಮಿನವಳು ನಿಂತರೆ ಅವಳ ಮುಖ.

ಹಾಗಾದರೆ ಸ್ಮರಿಸುವುದೆಂದರೇನು? ಆ ಕಾಡಿನಲ್ಲಿ ಉಳಿದುಕೊಂಡ ನಾಲ್ವರ ಸ್ಥಾನದಲ್ಲಿ ನಿಂತು ಯೋಚಿಸೋಣ. ಅವರು ಪಡೆದದ್ದನ್ನು ಮರಳಿಸುವಂತಿರಲಿಲ್ಲ, ಕೊಟ್ಟವನು ಹೋಗಿಬಿಟ್ಟಿದ್ದ. ಅವರ ಮುಂದೆ ಉಳಿದದ್ದು ಒಂದೇ: ದೊರೆತ ದಿನಗಳನ್ನು ಬಾಳುವುದು. ನಾವೂ ಒಂದು ರೀತಿಯಲ್ಲಿ ಉಳಿದುಕೊಂಡವರೇ. ಪ್ರತಿ ಭಾನುವಾರ ನಮಗಾಗಿ ಕೊಡಲ್ಪಟ್ಟ ದೇಹವನ್ನು ಪರಮಪ್ರಸಾದವಾಗಿ ಪಡೆಯುತ್ತೇವೆ. ಪಡೆದದ್ದಕ್ಕೆ ಬೆಲೆ ಕಟ್ಟಲಾಗದು, ಅದನ್ನು ಹಿಂದಿರುಗಿಸಲಾಗದು. ಅದು ನಮ್ಮ ಮೂಲಕ ಬೇರೆ ಯಾರಿಗಾದರೂ ಮುಟ್ಟಬೇಕು, ಅಷ್ಟೇ. ಪಡೆದವನು ಅದರ ಬಲದಿಂದ ಇನ್ನೊಬ್ಬನನ್ನು ದ್ವೇಷಿಸಲು ಹೊರಟರೆ, ಕೊಟ್ಟವನನ್ನು ಎರಡನೆಯ ಸಲ ಕೊಂದಂತೆ.

ಆ ತಾಯಿ ಈಗಿಲ್ಲ. ಮಗನ ಸಮಾಧಿಯಿಂದ ಎರಡು ಸಾಲು ಆಚೆಗೆ ಅವಳ ಸಮಾಧಿಯಿದೆ. ಅವಳು ಇಂದು ಎದುರಿಗೆ ಬಂದರೆ ಮುಂದಿನ ಸಮಾಧಿಗೆ ಹೋಗದೆ ನಿಂತು ಹೀಗೆ ಹೇಳುತ್ತಿದ್ದೆ: "ಅಮ್ಮ, ಎರಡೂ ನಿಜ. ನಿಮ್ಮ ಮಗ ಕೊನೆಯಲ್ಲಿ ಏನು ಕೊಟ್ಟನೋ ಅದು ಅವನದು, ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಿಲ್ಲ. ಅವನು ಅಲ್ಲಿಗೆ ಹೋಗಬೇಕಾಗಿ ಬಂತಲ್ಲ, ಅದನ್ನು ನಾವು ಕಿತ್ತುಕೊಂಡೆವು. ಜಗಳವನ್ನು ಬೇರೆ ದಾರಿಯಲ್ಲಿ ಪರಿಹರಿಸಲು ಕಲಿಯದ ನಾವೆಲ್ಲರೂ. ಅವನಿಗೆ ಗೌರವ ಸಲ್ಲಬೇಕು, ನಿಮಗೆ ನಮ್ಮಿಂದ ಕ್ಷಮಾಪಣೆ ಸಲ್ಲಬೇಕು." ಅವಳಿಗೆ ಇದರಿಂದ ಸಮಾಧಾನವಾಗುತ್ತಿತ್ತೋ ಇಲ್ಲವೋ ನಾನರಿಯೆ. ಕನಿಷ್ಠಪಕ್ಷ ಅವಳ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿದ್ದೇನೆಂದು ಅವಳಿಗೆ ತಿಳಿಯುತ್ತಿತ್ತು.

ಪ್ರಿಯ ಓದುಗರೇ, ಈ ನವೆಂಬರಿನಲ್ಲಿ ನಿಮ್ಮವರ ಸಮಾಧಿಗೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಸಮಾಧಿಭೂಮಿಯಲ್ಲಿ ಯಾವನಾದರೂ ಸೈನಿಕನ ಕಲ್ಲಿದ್ದರೆ ಅದರ ಮುಂದೆ ನಿಂತು ಅವನ ಹೆಸರನ್ನು ಗಟ್ಟಿಯಾಗಿ ಓದಿಸಿರಿ. ಅವನು ಹೇಗೆ ಕೊಂದನೆಂಬ ಕಥೆಗಿಂತ ಯಾರನ್ನು ಉಳಿಸಿದನೆಂಬ ಕಥೆಯನ್ನು ಮಕ್ಕಳಿಗೆ ಹೇಳಿರಿ. ಕೈಯಲ್ಲಿ ಇನ್ನೊಂದು ಮೇಣದ ಬತ್ತಿ ಉಳಿದಿದ್ದರೆ, ಹೆಸರು ಗೊತ್ತಿಲ್ಲದ, ಎದುರು ಕಡೆಯಲ್ಲಿ ಬಿದ್ದ ಆ ಇನ್ನೊಬ್ಬ ತಾಯಿಯ ಮಗನಿಗಾಗಿ ಅದೇ ಕಲ್ಲಿನ ಮೇಲೆ ಹಚ್ಚಿ ಬನ್ನಿ.